ನಾಲ್ಕು ನಿಮಿಷ ಹನ್ನೊಂದು ಸೆಕೆಂಡು

ಕೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಸಮುದ್ರದಾಚೆಯ ಒಂದು ದೇಶದಲ್ಲಿ ಡಾಕ್ಟರುಗಳು ತಮ್ಮ ರೋಗಿಗಳ ಜೊತೆ ಆಡಿದ ಮಾತೆಲ್ಲ ರೆಕಾರ್ಡ್ ಆಗಿ ನಮ್ಮೂರಿನ ಒಂದು ಕಟ್ಟಡದ ಮೂರನೇ ಮಹಡಿಗೆ ಬರುತ್ತದೆ. ನಾವು ಇಪ್ಪತ್ತೆರಡು ಜನ ಹೆಡ್‌ಫೋನ್ ಹಾಕಿಕೊಂಡು ಕೂತು ಅದನ್ನು ಅಕ್ಷರಕ್ಕಿಳಿಸಿ ವಾಪಸ್ ಕಳಿಸುತ್ತೇವೆ. ಬಲಗಾಲಿನ ಕೆಳಗೆ ಒಂದು ಪೆಡಲ್ ಇರುತ್ತದೆ. ಬೆರಳಿನ ಕಡೆ ಒತ್ತಿದರೆ ಮಾತು ಮುಂದಕ್ಕೆ ಹೋಗುತ್ತದೆ, ಹಿಮ್ಮಡಿ ಊರಿದರೆ ಹಿಂದಕ್ಕೆ. ಅಲ್ಲಿಯವರು ಹಾಸಿಗೆಗೆ ಹೋಗುವ ಹೊತ್ತಿಗೆ ನಾವು ಅವರ ಸಂಕಟಕ್ಕೆ ಕೈ ಹಾಕುತ್ತೇವೆ, ಅವರು ಎದ್ದು ಹಲ್ಲುಜ್ಜುವಷ್ಟರಲ್ಲಿ ಮುಗಿಸಿರುತ್ತೇವೆ.

ನಮ್ಮಲ್ಲಿ ಒಂದು ನಿಯಮವಿದೆ. ಮಾತು ಕೇಳಿಸದಿದ್ದರೆ ಊಹಿಸಿ ಬರೆಯಬಾರದು. ಆ ಜಾಗ ಖಾಲಿ ಬಿಟ್ಟು, ಫೈಲಿನ ಕೊನೆಗಿರುವ ಸಂದೇಹದ ಪಟ್ಟಿಯಲ್ಲಿ ಇಷ್ಟನೇ ನಿಮಿಷದ ಮಾತು ಸ್ಪಷ್ಟವಿಲ್ಲ ಎಂದು ಬರೆಯಬೇಕು. ಡಾಕ್ಟರು ಅದನ್ನು ಓದಿ ಪಕ್ಕದಲ್ಲಿ ಉತ್ತರ ತುಂಬಿ ಕಳಿಸುತ್ತಾರೆ. ಬೇರೆ ಭಾಷೆಯ ಮಾತು ನುಸುಳಿದರೂ ಇದೇ ನಿಯಮ. ಒಂಬತ್ತು ವರ್ಷದಲ್ಲಿ ನಾನು ಒಂದಕ್ಷರ ಊಹಿಸಿದವಳಲ್ಲ, ಒಂದಕ್ಷರ ಬಿಟ್ಟವಳೂ ಅಲ್ಲ. ಹೇಳಿಕೊಂಡರೆ ಜಂಭ ಅನ್ನುತ್ತೀರಿ, ಆದರೂ ಹೇಳುತ್ತೇನೆ.

ಒಂದು ಬುಧವಾರ ಊಟ ಮುಗಿಸಿ ಬಂದಾಗ ಹೊಸ ಡಾಕ್ಟರೊಬ್ಬರ ಫೈಲು ಕಾಯುತ್ತಿತ್ತು. ರೋಗಿಗಳ ಹೆಸರು ನಮಗೆ ಬರುವುದಿಲ್ಲ, ನಂಬರು ಬರುತ್ತದೆ. ಹದಿನೇಳನೇ ನಂಬರಿನ ಹೆಂಗಸು. ತಾಯಿ ತೀರಿಕೊಂಡು ವರ್ಷವಾದರೂ ತಾಯಿಯ ಬೀರು ತೆಗೆಯಲಾಗುತ್ತಿಲ್ಲ ಎಂಬುದು ಅವಳ ದೂರು. ಬೀರು ತೆಗೆಯುವುದಕ್ಕೂ ಒಬ್ಬ ಡಾಕ್ಟರೇ ಎಂದು ನಾನು ಒಳಗೇ ಮೂತಿ ತಿರುವಿದೆ. ಡಾಕ್ಟರ ಉಚ್ಚಾರ ಆ ದೇಶದ್ದಾಗಿರಲಿಲ್ಲ. ಅದರಲ್ಲೇನೂ ವಿಶೇಷವಿಲ್ಲ, ನಮಗೆ ಬರುವ ಫೈಲುಗಳಲ್ಲಿ ಅರ್ಧಕ್ಕರ್ಧ ಡಾಕ್ಟರುಗಳು ಎಲ್ಲೆಲ್ಲಿಂದಲೋ ಅಲ್ಲಿಗೆ ಹೋದವರೇ. ಕೊನೆಯಲ್ಲಿ ಆ ಹೆಂಗಸು ಏಳುತ್ತಾ ಕುರ್ಚಿ ಸರಿಸಿದ ಸದ್ದಾಯಿತು. ಅದರ ಹಿಂದೆಯೇ ಆತ, ತನಗೇ ಹೇಳಿಕೊಂಡ ಹಾಗೆ, ಮೆಲ್ಲಗೆ "ಆಯ್ತು" ಅಂದರು.

ಆಯ್ತು. ನಮ್ಮ ಆಯ್ತು.

ಹಿಮ್ಮಡಿ ಊರಿ ಮತ್ತೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಈ ದನಿ ನನಗೆ ಗೊತ್ತಿತ್ತು. ತಿಂಗಳಿಗೊಂದು ಸಲದಂತೆ ಹದಿನಾಲ್ಕು ತಿಂಗಳು ಅದನ್ನು ಕೇಳಿದ್ದೆ. ಈ ಆಯ್ತು ಕಿವಿಗೆ ಬಿದ್ದ ಕೂಡಲೇ ನಾನೂ ನನ್ನಣ್ಣನೂ ಸ್ಟೂಲು ಬಿಟ್ಟು ಏಳಬೇಕಿತ್ತು. ಇಡೀ ಫೈಲಿನಲ್ಲಿ ನನ್ನ ಮನೆಮಾತಿನದು ಅದೊಂದೇ ಮಾತು. ನಿಯಮದ ಪ್ರಕಾರ ಅದರ ಜಾಗ ಖಾಲಿ ಬಿಟ್ಟು, ಸ್ಪಷ್ಟವಿಲ್ಲ ಎಂದು ಬರೆದೆ.

ನನ್ನಣ್ಣ ಹನ್ನೊಂದು ವರ್ಷ ಬಸ್ ಓಡಿಸಿದವನು. ಬಸ್ ಸ್ಟ್ಯಾಂಡಿನಿಂದ ಹೊರಟು, ನದಿ ಸೇತುವೆ ದಾಟಿ, ಕಾರ್ಖಾನೆ ಗೇಟಿನ ತನಕ ಹೋಗುವ ಬಸ್ಸು. ನಾನೂ ಅದರಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಮೂರನೇ ಸಾಲು, ಕಿಟಕಿ ಪಕ್ಕ. ಡ್ರೈವರ್ ತಂಗಿ ಎಂದು ಬಿಟ್ಟಿ ಓಡಾಡುವುದು ಅವನಿಗೆ ಸೇರುತ್ತಿರಲಿಲ್ಲ, ಟಿಕೆಟ್ ತೆಗೆದೇ ಕೂರುತ್ತಿದ್ದೆ. ಆಗ ಅವನು ಬಾಯಿ ತುಂಬ ಮಾತಾಡುವವನು. ಮುದುಕಿಯರು ಹತ್ತುವಾಗ "ನಿಧಾನ ಅಜ್ಜಿ, ಬಸ್ಸು ನಿಮ್ಮನ್ನ ಬಿಟ್ಟು ಹೋದ್ರೆ ನಾನೂ ಇಳ್ಕೊಂಡ್ಬಿಡ್ತೀನಿ" ಅನ್ನುವವನು.

ಒಂದು ಬೆಳಿಗ್ಗೆ ಸೇತುವೆಯ ನಟ್ಟನಡುವೆ ಬ್ರೇಕ್ ಬಿತ್ತು. ಆ ರಭಸಕ್ಕೇ ನನಗೆ ಎಚ್ಚರವಾದದ್ದು. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದು, ಕೀ ಕಿತ್ತುಕೊಂಡು, ಕೆಳಗೆ ಹಾರಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದುಬಿಟ್ಟ. ಹಿಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಕುಡಿದಿದ್ದಾನೆ ಅಂದರು, ಕೊಬ್ಬು ಅಂದರು, ಇವನಿಗೆ ಹೇಳೋರು ಕೇಳೋರು ಮನೇಲಿ ಯಾರೂ ಇಲ್ವಾ ಅಂದರು. ನಾನು ಊಟದ ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ಇಳಿದೆ. ಇಳಿದು, ಅವನು ಹೋದ ಕಡೆಗಲ್ಲ, ಆಫೀಸಿನ ಕಡೆಗೆ ನಡೆದೆ. ಹೊತ್ತಿಗೆ ಸರಿಯಾಗಿ ಹೋಗಿ ಕೂತು ಟೈಪ್ ಮಾಡಿದೆ. ಅವನು ನನ್ನಣ್ಣ ಎಂದು ಅವತ್ತು ಆ ಸೇತುವೆ ಮೇಲೆ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಮೂರೂವರೆ ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅವನು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ, ಮುಷ್ಟಿಯಲ್ಲಿ ಬಸ್ಸಿನ ಕೀ. ಕೆಲಸ ಹೋಯಿತು. ಬೀದಿಯವರು ಸೇತುವೆ ಡ್ರೈವರ್ ಎಂದು ಹೆಸರಿಟ್ಟರು. ಅವನಂತೂ ಬಾಯಿಗೆ ಬೀಗ ಹಾಕಿಕೊಂಡ. ಹೂಂ, ಉಹೂಂ, ಬೇಡ, ಸಾಕು. ಅಪ್ಪ ಅಮ್ಮ ಆಗಲೇ ತೀರಿಕೊಂಡಿದ್ದರಿಂದ ಮನೆಯಲ್ಲಿದ್ದ ನಾವಿಬ್ಬರೇ ಈ ನಾಲ್ಕು ಮಾತಿನಲ್ಲಿ ಸಂಸಾರ ನಡೆಸಬೇಕಾಯಿತು.

ಮನಸ್ಸಿನ ಡಾಕ್ಟರು ನಮ್ಮ ಕಡೆಗೆಲ್ಲ ಸೇರಿ ಒಬ್ಬರೇ, ಊರಿಗೊಬ್ಬಳೇ ಪದ್ಮಾವತಿ ಎಂಬಂತೆ. ನಾಲ್ಕು ಜಿಲ್ಲೆ ಸುತ್ತಿ, ತಿಂಗಳ ಮೊದಲ ಸೋಮವಾರ ನಮ್ಮ ದೊಡ್ಡಾಸ್ಪತ್ರೆಗೆ ಬರುತ್ತಿದ್ದರು. ಅವತ್ತು ನೂರಿಪ್ಪತ್ತು ಟೋಕನ್, ತಲೆಗೆ ಮೂರು ನಿಮಿಷ. ಬಾಗಿಲಲ್ಲಿ ಕಾಂಪೌಂಡರ್ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿರುತ್ತಿದ್ದ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಅದೇ ಮಾತ್ರೆ ಮುಂದುವರಿಸಿ, ಆಯ್ತು. ಡಾಕ್ಟರು ಕೆಟ್ಟವರಾಗಿರಲಿಲ್ಲ. ಇಡೀ ದಿನ ಅವರು ನೀರು ಕುಡಿಯುತ್ತಿರಲಿಲ್ಲವಂತೆ. ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಎದ್ದು ಹೋದರೆ ಇಬ್ಬರು ರೋಗಿಗಳ ಹೊತ್ತು ಹಾಳು ಎಂದು ಕಾಂಪೌಂಡರ್ ಹೇಳಿದ್ದ. ಅವರ ತುಟಿ ಒಡೆದಿರುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಹದಿನಾಲ್ಕನೇ ಸೋಮವಾರ ಅಣ್ಣ ತಾನಾಗಿಯೇ ಬಾಯಿ ತೆರೆದ. "ಡಾಕ್ಟ್ರೇ, ಅವತ್ತು ಸೇತುವೆ ಮೇಲೆ..." ಅಂದ.

ಡಾಕ್ಟರ ಪೆನ್ನು ನಿಂತಿತು. ಅಷ್ಟರಲ್ಲಿ ಕಾಂಪೌಂಡರ್ ಮುಂದಿನವರನ್ನು ಒಳಗೆ ಬಿಟ್ಟಿದ್ದ. ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ ಒಬ್ಬ ತಾಯಿ ನಮ್ಮ ಬೆನ್ನ ಹಿಂದೆಯೇ ನಿಂತಿದ್ದಳು. ಡಾಕ್ಟರು ಗಡಿಯಾರ ನೋಡಿದರು, ಆ ಹುಡುಗಿಯನ್ನು ನೋಡಿದರು, ಕೊನೆಗೆ ಅಣ್ಣನನ್ನು ನೋಡಿದರು. "ಇದನ್ನ ಗಡಿಬಿಡೀಲಿ ಕೇಳಬಾರ್ದು. ಮುಂದಿನ ಸಲ ಮೊದಲು ಅದನ್ನೇ ಕೇಳ್ತೀನಿ, ಆಯ್ತಾ?" ಅಂದರು. ಅಣ್ಣ ತಲೆಯಾಡಿಸಿದ. ಆಯ್ತು ಎಂದು ಅವರು ಮುಂದಿನ ಫೈಲು ಎಳೆದುಕೊಂಡರು.

ಮುಂದಿನ ಸಲ ಅವರಿರಲಿಲ್ಲ. ಆ ದೇಶಕ್ಕೆ ಹೋದರು ಎಂದು ಕಾಂಪೌಂಡರ್ ತಿಳಿಸಿದ. ಅಲ್ಲಿ ಇಂಥ ಡಾಕ್ಟರುಗಳು ಕಮ್ಮಿಯಂತೆ, ಕಷ್ಟದಲ್ಲಿದ್ದಾರಂತೆ, ಅದಕ್ಕೇ ಕರೆಸಿಕೊಂಡರಂತೆ. ಅವನು ಅದನ್ನು ಮರುಕದಿಂದಲೇ ಹೇಳಿದ, ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವರ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಅಂದಿನಿಂದ ಹಳೆಯ ಚೀಟಿ ನೋಡಿ ಕಾಂಪೌಂಡರನೇ ಮಾತ್ರೆ ಕೊಡುತ್ತಿದ್ದಾನೆ.

ಅಣ್ಣ ಮಾತ್ರ ಆ ಮಾತನ್ನು ಹಾಗೇ ಎತ್ತಿಟ್ಟುಕೊಂಡ. ಒಮ್ಮೆ ನಾನು ಕೂರಿಸಿಕೊಂಡು, ನನಗಾದರೂ ಹೇಳು, ಅವತ್ತು ಏನಾಯಿತು ಎಂದು ಬೇಡಿಕೊಂಡೆ. "ನಿಂಗಲ್ಲ ಪುಟ್ಟಿ, ಡಾಕ್ಟ್ರು ಕೇಳ್ತೀನಿ ಅಂದಿದ್ದಾರೆ" ಅಂದ. ಎರಡು ವರ್ಷ ಪ್ರತಿ ಮೊದಲ ಸೋಮವಾರ ಅವನು ಎದ್ದು ಸ್ನಾನ ಮಾಡಿ, ಬಿಳಿ ಶರ್ಟಿಗೆ ತಾನೇ ಇಸ್ತ್ರಿ ಹಾಕಿ, ಫೈಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಸೇತುವೆ ಮೇಲೆ ಕಾಲಿಡುತ್ತಿರಲಿಲ್ಲ. ಹಳೆಯ ಕಾಲುಸೇತುವೆ ಸುತ್ತಿಕೊಂಡು ಒಂದು ಗಂಟೆ ನಡೆದು ಹೋಗುತ್ತಿದ್ದೆವು. ಡಾಕ್ಟರು ಬಂದಿದ್ದಾರಾ ಎಂದು ಅವನು ಕಾಂಪೌಂಡರನನ್ನು ಕೇಳುತ್ತಿದ್ದ, ಇಲ್ಲ ಅಂದರೆ ಮಾತ್ರೆ ತೆಗೆದುಕೊಂಡು ಬರುತ್ತಿದ್ದ. ವಾಪಸ್ ಬರುವ ದಾರಿಯಲ್ಲಿ ಅವನ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಅಂಥ ಡಾಕ್ಟರು ಈಗ ನನ್ನ ಕಿವಿಯಲ್ಲಿ ಕೂತಿದ್ದರು. ಮೊದಲ ದಿನ ಬರೀ ಸಂತೋಷವಾಯಿತು, ಕಳೆದುಹೋದ ನೆಂಟರು ಸಿಕ್ಕಷ್ಟು. ಹೊಟ್ಟೆ ಉರಿದದ್ದು ಎರಡನೇ ವಾರ.

ಮಾತು ಬೆಳ್ಳಿ, ಮೌನ ಬಂಗಾರ ಅಂದವರು ನಮ್ಮ ಆಫೀಸಿಗೆ ಬಂದು ಒಂದು ದಿನ ಕೂರಬೇಕು. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಸಾಲು, ಮೌನಕ್ಕೆ ಸಾಲಿಲ್ಲ. ಆದ್ದರಿಂದ ಮಾತು ನಿಂತ ಕಡೆಯೆಲ್ಲ ತಾನೇ ಹಾರಿ ಮುಂದಿನ ಮಾತಿಗೆ ಹೋಗುವ ಹಾಗೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿಟ್ಟಿರುತ್ತೇವೆ. ಒಂಬತ್ತು ವರ್ಷದಿಂದ ನಾನು ಆ ಗುಂಡಿ ತೆಗೆದವಳಲ್ಲ. ಬೀರಿನ ಹೆಂಗಸಿನ ಎರಡನೇ ಫೈಲಿನ ತಲೆಯಲ್ಲಿ ಐವತ್ತು ನಿಮಿಷ ಎಂದಿತ್ತು, ನನಗೋ ಅದು ಮೂವತ್ತೇಳಕ್ಕೇ ಮುಗಿದಿತ್ತು. ಉಳಿದ ಹದಿಮೂರು ನಿಮಿಷ ಈ ಮನುಷ್ಯ ಏನು ಮಾಡಿದರು ಎಂಬ ಕುತೂಹಲಕ್ಕೆ ಗುಂಡಿ ತೆಗೆದು ಮೊದಲಿನಿಂದ ಕೇಳಿದೆ.

ಅವರು ಸುಮ್ಮನೆ ಕೂತಿದ್ದರು. ಇಪ್ಪತ್ತೆರಡನೇ ನಿಮಿಷದಲ್ಲಿ, ಆ ಬೀರಿನಲ್ಲಿ ಏನಿದೆ ಎಂದು ಕೇಳಿ ಸುಮ್ಮನಾದರು. ಗಡಿಯಾರದ ಟಿಕ್ ಟಿಕ್ ಕೇಳಿಸಿತು. ದೂರದಲ್ಲೊಂದು ಗಾಡಿ ಹೋಯಿತು. ಆಕೆ ಮೂಗೊರೆಸಿಕೊಂಡಳು. ಡಾಕ್ಟರು ಕೆಮ್ಮಲಿಲ್ಲ, ಪೆನ್ನು ಆಡಿಸಲಿಲ್ಲ, ಇನ್ನೊಂದು ಪ್ರಶ್ನೆ ಹಾಕಲಿಲ್ಲ. ಒಮ್ಮೆ ಲೋಟ ಎತ್ತಿ ನೀರು ಕುಡಿದ ಸದ್ದು ಮಾತ್ರ ಬಂತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಆಮೇಲೆ ಆಕೆ, ಅದರೊಳಗೆ ಅಮ್ಮನ ವಾಸನೆ ಇದೆ, ತೆಗೆದರೆ ಹೋಗಿಬಿಡುತ್ತದೆ ಎಂದಳು.

ಮೊದಲ ಸಲ ಈ ಮಾತನ್ನು ಟೈಪ್ ಮಾಡಿದಾಗ ಅದು ಪ್ರಶ್ನೆಯ ಬೆನ್ನಿಗೇ ಬಂದ ಉತ್ತರವಾಗಿತ್ತು. ಮೂತಿ ತಿರುವಿದ್ದಕ್ಕೆ ಈಗ ನಾಚಿಕೆಯಾಯಿತು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಆ ನೀರಿನ ಲೋಟದ ಮೇಲೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ, ಇಲ್ಲಿ ಎರಡನ್ನೂ ಹಚ್ಚುತ್ತಿದ್ದದ್ದು ಒಂದೇ ಕೈ. ಇಷ್ಟು ಚೆನ್ನಾಗಿ ಸುಮ್ಮನಿರಲು ಬರುವ ಮನುಷ್ಯನನ್ನು ನಾವು ಹದಿನಾಲ್ಕು ತಿಂಗಳು ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು ಓಡಿಸಿಬಿಟ್ಟಿದ್ದೆವು. ಇವರು ಸುಮ್ಮನೆ ಕೂತ ಹೊತ್ತಿನಲ್ಲಿ ನಮ್ಮ ಆಸ್ಪತ್ರೆಯಲ್ಲಿ ಅಣ್ಣನ ಸರದಿ ಮುಗಿದು, ಆ ಹುಡುಗಿಯದೂ ಅರ್ಧ ಮುಗಿದಿರುತ್ತಿತ್ತು. ನನಗೆ ಬೇರೇನೂ ಬೇಕಿರಲಿಲ್ಲ. ಆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಬೇಕಿತ್ತು. ಕದಿಯುವುದಕ್ಕಾಗುತ್ತಿದ್ದರೆ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದೆ.

ಡಾಕ್ಟರಿಗೂ ನಮಗೂ ಮಾತುಕತೆ ಇರಕೂಡದು. ಸಿಕ್ಕಿಬಿದ್ದರೆ ಅವತ್ತೇ ಮನೆಗೆ. ಫೋನನ್ನೂ ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ನಮ್ಮಿಂದ ಅವರಿಗೆ ಹೋಗುವುದು ಸಂದೇಹದ ಪಟ್ಟಿ ಒಂದೇ. ಅದನ್ನೂ ಚೆಕ್ಕಿಂಗ್ ಅಕ್ಕ ಹತ್ತರಲ್ಲಿ ಒಂದನ್ನು ತೆಗೆದು ನೋಡುತ್ತಾಳೆ. ಅಕ್ಕ ಅಂದರೆ ನಮ್ಮೆಲ್ಲರ ತಪ್ಪು ಹಿಡಿಯುವವಳು, ಕಣ್ಣಿನಲ್ಲೇ ಅಕ್ಷರ ಎಣಿಸುವ ಹೆಂಗಸು. ಮೂರು ದಿನ ಯೋಚಿಸಿದೆ. ನನ್ನ ಕೆಲಸ ಹೋದರೆ ಮನೆಯಲ್ಲಿ ದುಡಿಯುವವರೇ ಇಲ್ಲ. ನಾಲ್ಕನೇ ದಿನ ಬಂದ ಅವರ ಇನ್ನೊಂದು ಫೈಲಿನ ಪಟ್ಟಿಯಲ್ಲಿ ಇಪ್ಪತ್ತೆರಡನೇ ನಿಮಿಷ ಎಂದು ಹಾಕಿ, ಆ ದೇಶದ ಭಾಷೆಯಲ್ಲಲ್ಲ, ನಮ್ಮ ಮಾತಿನಲ್ಲೇ ಬರೆದೆ. "ಸೇತುವೆ ಮೇಲೆ ಬಸ್ ನಿಲ್ಲಿಸಿದ ಡ್ರೈವರ್‌ಗೆ ಮುಂದಿನ ಸಲ ಮೊದಲು ಅದನ್ನೇ ಕೇಳುತ್ತೇನೆ ಅಂದಿದ್ದಿರಿ. ಅವನು ಇನ್ನೂ ಕಾಯುತ್ತಿದ್ದಾನೆ. ನಾನು ಅವನ ತಂಗಿ." ಕಳಿಸುವ ಗುಂಡಿ ಒತ್ತಿದೆ.

ಆಮೇಲೆ ಕಾಯುವ ಸರದಿ ನನ್ನದಾಯಿತು. ಮರುವಾರ ಬಂದ ತಿಂಗಳ ಮೊದಲ ಸೋಮವಾರದಂದು ಅಣ್ಣ ಎಂದಿನಂತೆ ಇಸ್ತ್ರಿ ಹಾಕಿದ. ಕಾಲುಸೇತುವೆ ಮೇಲೆ ನಡೆಯುವಾಗ ಹೇಳಿಬಿಡಲೇ, ಅವರ ದನಿ ದಿನಾ ಕೇಳುತ್ತಿದ್ದೇನೆ ಎಂದು ಹೇಳಿಬಿಡಲೇ ಅನಿಸಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಉತ್ತರ ಬಾರದಿದ್ದರೆ ಅವನಿಗೆ ಎರಡನೇ ಸಲ ಮೋಸವಾಗುತ್ತದೆ ಎಂದು ಸುಮ್ಮನಾದೆ. ಡಾಕ್ಟರು ಬಂದಿದ್ದಾರಾ ಎಂದು ಅವನು ಕೇಳಿದ. ಇಲ್ಲ ಎಂದು ಕಾಂಪೌಂಡರ್ ಹೇಳಿದ.

ಉತ್ತರ ಬಂದದ್ದು ಆ ಶುಕ್ರವಾರ. ಎರಡೇ ಸಾಲು, ನಮ್ಮ ಮಾತಿನಲ್ಲಿ. "ಕ್ಷಮಿಸಿ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಅವನು ಏನು ಹೇಳಬೇಕೆಂದಿದ್ದ?"

ಬಾತ್ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೆನಪಿಲ್ಲವಂತೆ. ಎರಡು ವರ್ಷ ಒಬ್ಬ ಮನುಷ್ಯ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಕಾದದ್ದು ಯಾರಿಗಾಗಿಯೋ ಅವರಿಗೆ ನೆನಪೇ ಇಲ್ಲವಂತೆ. ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿದ ಮೇಲೆ, ಇವತ್ತು ಬೆಳಿಗ್ಗೆ ಮೂರನೆಯದಾಗಿ ಟೈಪ್ ಮಾಡಿದ ಫೈಲು ಯಾರದ್ದು ಎಂದು ನನ್ನನ್ನೇ ಕೇಳಿಕೊಂಡೆ. ನೆನಪಾಗಲಿಲ್ಲ. ದಿನಕ್ಕೆ ನೂರಿಪ್ಪತ್ತು ಮುಖ, ಅದೂ ಬಾಯಾರಿಕೊಂಡು. ಮುಖ ತೊಳೆದುಕೊಂಡು ಬಂದು ಆ ಎರಡು ಸಾಲನ್ನು ಮತ್ತೆ ಓದಿದಾಗ ಎರಡನೆಯದು ಕಣ್ಣಿಗೆ ಬಿತ್ತು. ಅವನು ಏನು ಹೇಳಬೇಕೆಂದಿದ್ದ? ಮರೆತವರು ಮರೆತೇ ಕೇಳಿದ್ದರು, ಆದರೂ ಕೇಳಿದ್ದರು.

ಆ ಸಂಜೆ ಮನೆಗೆ ಹೋದಾಗ ಅಣ್ಣ ಅಡುಗೆಮನೆಯ ಮೇಜಿನ ಹತ್ತಿರ ಕೂತು ತರಕಾರಿ ಹೆಚ್ಚುತ್ತಿದ್ದ. ನಾನು ಚೀಲ ಇಟ್ಟು ಎದುರಿನ ಕುರ್ಚಿಯಲ್ಲಿ ಕೂತೆ. ಆ ಡಾಕ್ಟರ ಫೈಲು ಈಗ ನನ್ನ ಹತ್ತಿರ ಬರುತ್ತದೆ, ಬರೆದು ಕೇಳಿದ್ದೆ, ಉತ್ತರ ಬಂದಿದೆ ಎಂದು ತಿಳಿಸಿದೆ. ಚಾಕು ನಿಂತಿತು. "ಅವತ್ತು ನೀನು ಏನು ಹೇಳ್ಬೇಕು ಅಂತಿದ್ದೆ ಅಂತ ಡಾಕ್ಟ್ರು ಕೇಳಿದ್ದಾರೆ" ಅಂದೆ. ಮೊದಲ ಸಾಲನ್ನು ಬಿಟ್ಟೆ. ಒಂಬತ್ತು ವರ್ಷದಲ್ಲಿ ನಾನು ಬೇಕೆಂದೇ ಬಿಟ್ಟ ಸಾಲು ಅದೊಂದೇ.

ಅವನು ಕೈ ತೊಳೆದುಕೊಂಡು ಬಂದು ಕೂತ. ಮಾತಾಡಲಿಲ್ಲ. ಮೇಜಿನ ಕೆಳಗೆ ನನ್ನ ಬಲಗಾಲು ತಾನಾಗಿಯೇ ಮುಂದಕ್ಕೆ ಒತ್ತಲು ಪೆಡಲ್ ಹುಡುಕುತ್ತಿತ್ತು. ಒಲೆ ಮೇಲಿನ ನೀರು ಕುದಿಯತೊಡಗಿತು. ಎದ್ದು ಆರಿಸಲಿಲ್ಲ, ಹೇಳು ಅಣ್ಣ ಎಂದೂ ಅನ್ನಲಿಲ್ಲ. ಎಷ್ಟು ಹೊತ್ತು ಹೋಯಿತೋ ತಿಳಿಯದು.

"ಒಂದು ತಿಂಗಳಿಂದ ಹಂಗಾಗ್ತಿತ್ತು" ಎಂದು ಶುರು ಮಾಡಿದ. "ಸೇತುವೆ ಬಂದ ಕೂಡ್ಲೇ ಕೈಗೆ ಅನ್ಸೋದು, ಎಡಕ್ಕೆ ತಿರುಗ್ಸು ಅಂತ. ಯಾರೋ ಹೇಳಿದ ಹಾಗಲ್ಲ. ನಂಗೇ ಅನ್ಸೋದು. ತಿರುಗ್ಸಿದ್ರೆ ಈ ಸುಸ್ತೆಲ್ಲ ಮುಗಿಯುತ್ತೆ ಅಂತ. ಅದಕ್ಕೆ ಕನ್ನಡೀಲಿ ತಲೆ ಎಣಿಸ್ತಿದ್ದೆ. ಎಣಿಸ್ತಾ ಎಣಿಸ್ತಾ ಸೇತುವೆ ದಾಟಿಬಿಡ್ತಿತ್ತು. ಅವತ್ತು ಮುಂದೆ ಒಂದು ಲಾರಿ ನಿಧಾನಕ್ಕೆ ಹೋಗ್ತಿತ್ತು. ಐವತ್ತೆರಡು ತಲೆ. ಎಣಿಕೆ ಮುಗೀತು, ಸೇತುವೆ ಮುಗೀಲಿಲ್ಲ. ಕೈ ಆಗ್ಲೇ ಎಡಕ್ಕೆ ಎಳೀತಿತ್ತು. ಮತ್ತೆ ಮೊದಲಿಂದ ಎಣಿಸ್ದೆ. ಏಳನೇದು ನಿಂದು."

ಅವನು ಮೇಜಿನ ಮೇಲಿದ್ದ ಚಾಕುವನ್ನು ಪಕ್ಕಕ್ಕೆ ಸರಿಸಿದ.

"ಕಿಟಕಿಗೆ ತಲೆ ಕೊಟ್ಕೊಂಡು ನಿದ್ದೆ ಮಾಡ್ತಿದ್ದೆ ನೀನು. ಡಬ್ಬಿ ತೊಡೆ ಮೇಲಿತ್ತು. ಬ್ರೇಕ್ ಹಾಕ್ದೆ. ಕೀ ಬಸ್ಸಲ್ಲೇ ಇದ್ರೆ ಮತ್ತೆ ಹತ್ತಿಬಿಡ್ತೀನೇನೋ ಅಂತ ಕಿತ್ಕೊಂಡು ಹೊರಟುಬಿಟ್ಟೆ."

ಅವನಿಗೆ ಇದನ್ನು ನನ್ನ ಹತ್ತಿರ ಹೇಳಲಾಗದೆ ಹೋದದ್ದು ಯಾಕೆ ಎಂದು ಆಗ ಅರ್ಥವಾಯಿತು. ತನ್ನ ಕೈಯಲ್ಲಿ ಸಾಯಲಿದ್ದವರ ಸಾಲಿನಲ್ಲಿ ಕೂತಿದ್ದವಳ ಮುಂದೆ ಇದನ್ನು ಯಾರು ಹೇಳಿಯಾರು. ಇಂಥ ಮಾತಿಗೆ ಮನೆಯವರಲ್ಲದ ಒಬ್ಬರು ಬೇಕು. ಎದುರು ಕೂತು ನೀರು ಕುಡಿಯುವಷ್ಟು ಪುರಸೊತ್ತಿರುವ ಒಬ್ಬರು. ಅಂಥವರೊಬ್ಬರು ನಮಗಿದ್ದರು, ಈಗಿಲ್ಲ. ನೀನು ನಿಲ್ಲಿಸಿದೆಯಲ್ಲ ಅಣ್ಣ, ಐವತ್ತೆರಡು ಜನ ಬದುಕಿದ್ದೇವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ನಾನು ಡಬ್ಬಿ ತುರುಕಿಕೊಂಡು ಆಫೀಸಿನ ಕಡೆ ನಡೆದದ್ದೂ ನೆನಪಿಗೆ ಬಂತು.

ಅಣ್ಣ ಎದ್ದು ಒಲೆ ಆರಿಸಿದ. "ಒಂದಕ್ಷರ ಬಿಡದೆ ಬರೆದು ಕಳ್ಸು. ಹಂಗೆ ಅನ್ಸಿದವನು ಕೆಟ್ಟವನಾ ಅಂತ ಡಾಕ್ಟ್ರನ್ನ ಕೇಳು" ಅಂದ. ಮತ್ತೆ ಕೂತು ಉಳಿದ ತರಕಾರಿ ಹೆಚ್ಚಿದ.

ಮರುದಿನ ಒಂದಕ್ಷರ ಬಿಡದೆ ಬರೆದೆ. ಸಂದೇಹದ ಪಟ್ಟಿಯಲ್ಲಿ ಅಷ್ಟುದ್ದ ಬರೆದರೆ ಕಣ್ಣಿಗೆ ಬೀಳದೆ ಇರುತ್ತದೆಯೇ. ಸಂಜೆ ಚೆಕ್ಕಿಂಗ್ ಅಕ್ಕ ನನ್ನನ್ನು ಗಾಜಿನ ಕೋಣೆಗೆ ಕರೆದಳು. ನನ್ನ ಮುಖ ನೋಡದೆ, ಮೇಜಿನ ಮೇಲಿದ್ದ ಪಿನ್ನುಗಳನ್ನು ಡಬ್ಬಿಗೆ ತುಂಬುತ್ತಾ ಮಾತಾಡಿದಳು. ಮೊದಲಿನದನ್ನೂ ಓದಿದಳಂತೆ, ಇದನ್ನೂ ಓದಿದಳಂತೆ. ಇದು ಹೋಗಿಲ್ಲ, ಅಳಿಸಿದ್ದೇನೆ ಅಂದಳು. "ನಿನ್ನನ್ನ ತೆಗೆದುಹಾಕ್ಬೇಕು, ನಂಗೆ ಕೈ ಬರ್ತಿಲ್ಲ. ನಾಳೆಯಿಂದ ಚರ್ಮದ ಡಾಕ್ಟ್ರ ಫೈಲು ಮಾಡು" ಅಂದಳು. ಹೊರಡುವಾಗ, ತನ್ನ ಚಿಕ್ಕಮ್ಮನ ಮಗಳಿಗೂ ಹೀಗೇ ಇದೆ, ನಮ್ಮ ಆಸ್ಪತ್ರೆಗೆ ಯಾವಾಗ ಯಾರಾದರೂ ಬಂದಾರು ಎಂದು ನನ್ನನ್ನೇ ಕೇಳಿದಳು. ನನಗೇನು ಗೊತ್ತು.

ಅಂದಿನಿಂದ ನನ್ನ ಕಿವಿಗೆ ಬರೀ ತುರಿಕೆ, ಗಜ್ಜಿ, ಮುಲಾಮು. ಮೌನ ಹಾರಿಸುವ ಗುಂಡಿಯನ್ನು ಮಾತ್ರ ಮತ್ತೆ ಒತ್ತಲಿಲ್ಲ. ಸಾಲು ಕಡಿಮೆಯಾಗುತ್ತಿದೆ ಎಂದು ಬೈಸಿಕೊಳ್ಳುತ್ತೇನೆ. ಚರ್ಮದ ಡಾಕ್ಟರುಗಳೂ ನಡುನಡುವೆ ಸುಮ್ಮನಾಗುತ್ತಾರೆ, ಆಗೆಲ್ಲ ಆ ಗಡಿಯಾರದ ಟಿಕ್ ಟಿಕ್ ಕೇಳೀತೇ ಎಂದು ಕಿವಿ ಹುಡುಕುತ್ತದೆ. ದಿನಾ ಸಂಜೆ ಮನೆ ಬಾಗಿಲಲ್ಲೇ ಅಣ್ಣ "ಬಂತಾ?" ಎಂದು ಕೇಳುತ್ತಿದ್ದ, ನಾನು ಇನ್ನೂ ಇಲ್ಲ ಅನ್ನುತ್ತಿದ್ದೆ. ಡಾಕ್ಟರು ಇಲ್ಲ ಅಂದಿದ್ದಾರೆ, ನೀನು ಕೆಟ್ಟವನಲ್ಲ ಅಂದಿದ್ದಾರೆ ಎಂದು ಒಂದು ಸಾಲು ಕಟ್ಟಿ ಹೇಳುವುದು ಎಷ್ಟು ಹೊತ್ತಿನ ಕೆಲಸ. ಒಂದು ಸಾಲನ್ನು ಬಿಡಲು ಕೈ ಬಂದಿತ್ತು, ಇಲ್ಲದ ಸಾಲನ್ನು ಸೇರಿಸಲು ಬರಲಿಲ್ಲ.

ಮುಂದಿನ ಮೊದಲ ಸೋಮವಾರ ಬಂತು. ಅಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು ನಿಂತ. ರಸ್ತೆಯ ತಿರುವಿನಲ್ಲಿ ನಾನು ಎಂದಿನಂತೆ ಕಾಲುಸೇತುವೆ ಕಡೆಗೆ ಹೊರಳಿದರೆ, ಅವನು ಹೊರಳಲಿಲ್ಲ. ಇಬ್ಬರೂ ದೊಡ್ಡ ಸೇತುವೆಯ ಅಂಚಿನಲ್ಲಿ ನಡೆದು ಹೋದೆವು. ನಡುವೆ ಅವನು ನಿಲ್ಲಲಿಲ್ಲ, ನನ್ನ ಮೊಣಕೈ ಮಾತ್ರ ಹಿಡಿದುಕೊಂಡಿದ್ದ. ಪಕ್ಕದಲ್ಲಿ ಬಸ್ಸುಗಳು ಹೋಗುತ್ತಿದ್ದವು.

ಆಸ್ಪತ್ರೆಯಲ್ಲಿ ನಮ್ಮದು ನಲವತ್ತೊಂದನೇ ಟೋಕನ್. ಕೋಣೆಯಲ್ಲಿ ಅದೇ ಕಬ್ಬಿಣದ ಮೇಜು, ಅದರ ಹಿಂದೆ ಡಾಕ್ಟರ ಖಾಲಿ ಕುರ್ಚಿ, ಕುರ್ಚಿಯ ಮೇಲೆ ಹಳೆಯ ಫೈಲುಗಳ ರಾಶಿ. ಕಾಂಪೌಂಡರ್ ಮಾತ್ರೆ ಎಣಿಸಿ ಅಣ್ಣನ ಕೈಗೆ ಕೊಟ್ಟು ಬಾಗಿಲಿಗೆ ಹೋದ. ಅಣ್ಣ ಏಳಲಿಲ್ಲ.

"ಡಾಕ್ಟ್ರ ಉತ್ತರ ಬರಲ್ಲ, ಅಲ್ವಾ ಪುಟ್ಟಿ?" ಅಂದ.

"ಬರಲ್ಲ ಅಣ್ಣ. ಪ್ರಶ್ನೆ ಅವರಿಗೆ ತಲುಪ್ಲೇ ಇಲ್ಲ." ಕೂತಿದ್ದ ಸ್ಟೂಲನ್ನು ಅವನ ಕಡೆಗೆ ಎಳೆದುಕೊಂಡೆ. "ಆ ಏಳನೇ ತಲೆ ಒಂದು ಮಾತು ಹೇಳ್ಬೇಕಂತೆ. ಅವತ್ತು ಬಸ್ಸಲ್ಲಿ ಯಾರೋ, ಇವನಿಗೆ ಮನೇಲಿ ಯಾರೂ ಇಲ್ವಾ ಅಂತ ಕೇಳಿದ್ರು. ನಾನು ಬಾಯಿ ಬಿಡ್ಲಿಲ್ಲ. ನಿನ್ನ ಹಿಂದೆ ಬರ್ಲಿಲ್ಲ, ಕೆಲಸಕ್ಕೆ ಹೋದೆ. ನೀನು ಐವತ್ತೆರಡು ಜನರನ್ನ ಉಳಿಸಿ ಒಬ್ನೇ ನಡ್ಕೊಂಡು ಹೋದೆ. ಕೆಟ್ಟವರು ಯಾರು ಅಂತ ನೀನೇ ಹೇಳು."

ಅವನು ಮಾತ್ರೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. "ಗೊತ್ತು. ತಿರುಗಿ ನೋಡಿದ್ದೆ" ಅಂದ.

ಬಾಗಿಲಲ್ಲಿ ಕಾಂಪೌಂಡರ್ ಮುಂದಿನವರನ್ನು ಒಳಗೆ ಬಿಡಲು ಕಾಲೆತ್ತಿ, "ಆಯ್ತಾ?" ಎಂದು ಕೇಳಿದ. "ಇಲ್ಲ, ಇನ್ನೂ ಆಗಿಲ್ಲ" ಅಂದ ಅಣ್ಣ. ಹಿಂದೆ ಬಸ್ಸಿನ ಬಾಗಿಲಲ್ಲಿ ನೂಕುವವರಿಗೆ ತೋರಿಸುತ್ತಿದ್ದ ಹಾಗೆ ಕೈ ಎತ್ತಿ ಅಂಗೈ ತೋರಿಸಿದ. ಕಾಂಪೌಂಡರ್ ಒಂದು ಗಳಿಗೆ ನಮ್ಮನ್ನು ನೋಡಿ, ಬಾಗಿಲನ್ನು ಮುಂದಕ್ಕೆ ಮಾಡಿಕೊಂಡ.

"ಡಾಕ್ಟ್ರು ಇದ್ದಿದ್ರೆ ಇಬ್ರನ್ನೂ ಕೂರಿಸ್ಕೊಂಡು ಕೇಳ್ತಿದ್ರು" ಅಂದ ಅಣ್ಣ, ಫೈಲು ತುಂಬಿದ ಆ ಕುರ್ಚಿಯನ್ನು ನೋಡುತ್ತಾ.

ಹೌದು ಅಂದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಗೋಡೆಯ ಗಡಿಯಾರದಲ್ಲಿ ನಮ್ಮ ಮೂರು ನಿಮಿಷ ಯಾವಾಗಲೋ ಮುಗಿದಿತ್ತು. ಹೊರಗೆ ಇನ್ನೂ ಎಪ್ಪತ್ತೊಂಬತ್ತು ಜನ ಕಾಯುತ್ತಿದ್ದರು. ಅದು ಗೊತ್ತಿದ್ದೂ ನಾವು ಏಳಲಿಲ್ಲ.